ಪ್ರಕ್ರಿಯಾ ನಕ್ಷೆಯ ಉಗಮ ಮತ್ತು ಶ್ರಮಿಕನ ತಿಳಿವಳಿಕೆ

ಕೈಗಾರಿಕೆಯ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಆದರೆ ಕಾಗದದ ಮೇಲಿನ ಕೆಲವು ಗೆರೆಗಳೂ ದುಡಿಮೆಯ ಸ್ವರೂಪವನ್ನು ಬದಲಿಸಿದವು ಎಂಬುದಕ್ಕೆ ಫ್ಲೋಚಾರ್ಟ್ ಅಥವಾ ಹರಿವು ನಕ್ಷೆಯ ಇತಿಹಾಸ ಉತ್ತಮ ನಿದರ್ಶನವಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ಅವರು ಸ್ಟಾಪ್‌ವಾಚ್ ಹಿಡಿದು ಕೆಲಸವನ್ನು ಅಳೆಯುವ ಪದ್ಧತಿಯನ್ನು ಪ್ರತಿಪಾದಿಸಿದರು. ಆಲೋಚನೆ ವ್ಯವಸ್ಥಾಪಕನದು, ಆಚರಣೆ ಕಾರ್ಮಿಕನದು ಎಂಬುದು ಅದರ ತಿರುಳು. 1911ರಲ್ಲಿ ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಗಾರದಲ್ಲಿ ಅಚ್ಚು ಎರಕದ ಕೆಲಸಗಾರರು ಈ ಅಳತೆಯನ್ನು ವಿರೋಧಿಸಿ ಕೆಲಸ ಬಿಟ್ಟು ಹೊರನಡೆದರು.

ಫ್ರಾಂಕ್ ಗಿಲ್ಬ್ರೆತ್ (1868–1924) ಅವರ ಹಾದಿ ತುಸು ಭಿನ್ನವಾದುದು. 1885ರಲ್ಲಿ ಗಾರೆ ಕೆಲಸ ಕಲಿಯಲು ಸೇರಿದ ಅವರು, ಇಟ್ಟಿಗೆಯೊಂದನ್ನು ಇಡಲು ಬೇಕಾಗಿದ್ದ ಹದಿನೆಂಟು ಚಲನೆಗಳನ್ನು ಮುಂದೆ ಸುಮಾರು ಐದಕ್ಕೆ ಇಳಿಸಿದರು. ಗಾರೆಯವನು ಪ್ರತಿ ಇಟ್ಟಿಗೆಗೂ ಬಗ್ಗಬೇಕಾಗದಂತೆ ಎತ್ತರಿಸಬಲ್ಲ ಅಟ್ಟಣಿಗೆಯನ್ನು ರೂಪಿಸಿದ್ದು ಇದಕ್ಕೆ ಮುಖ್ಯ ಕಾರಣ. ಮನಶ್ಶಾಸ್ತ್ರಜ್ಞೆಯಾದ ಪತ್ನಿ ಲಿಲಿಯನ್ (1878–1972) ಅವರೊಡನೆ 1921ರಲ್ಲಿ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಅವರು ‘ಪ್ರಕ್ರಿಯಾ ನಕ್ಷೆ’ಯನ್ನು ಮಂಡಿಸಿದರು. ಕೆಲಸದ ಪ್ರತಿ ಹೆಜ್ಜೆಗೂ ಒಂದು ಸಂಕೇತವನ್ನಿತ್ತು, ಅವನ್ನು ನಡೆಯುವ ಕ್ರಮದಲ್ಲಿಯೇ ಗೆರೆಯಿಂದ ಜೋಡಿಸುವುದು ಇದರ ವಿಧಾನ.

1947ರಲ್ಲಿ ಅದೇ ಸಂಘವು ಐದು ಸಂಕೇತಗಳನ್ನು ಪ್ರಮಾಣೀಕರಿಸಿತು: ಕ್ರಿಯೆಗೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ವಿಳಂಬಕ್ಕೆ ‘ಡಿ’ ಆಕಾರ, ಸಂಗ್ರಹಕ್ಕೆ ತ್ರಿಕೋನ. ಇವುಗಳಲ್ಲಿ ವಸ್ತುವಿನ ರೂಪವನ್ನು ಬದಲಿಸುವುದು ವೃತ್ತವೊಂದೇ ಎಂಬುದು ಗಮನಾರ್ಹ. ಲೆಕ್ಕಪುಸ್ತಕದಲ್ಲಿ ಕಾಣದ ಕಾಯುವಿಕೆ, ಅಲೆದಾಟ, ಮರುತಪಾಸಣೆಗಳು ನಕ್ಷೆಯಲ್ಲಿ ಕಣ್ಣಿಗೆ ಬೀಳುತ್ತವೆ. ಇದೇ ವರ್ಷ ಗೋಲ್ಡ್‌ಸ್ಟೈನ್ ಮತ್ತು ವಾನ್ ನಾಯ್ಮನ್ ಅವರು ಗಣಕಯಂತ್ರದ ಕ್ರಮವಿಧಿಗೂ ಹರಿವು ನಕ್ಷೆಯನ್ನು ಬಳಸಿದರು.

ಆದರೆ ನಕ್ಷೆಯನ್ನು ಬರೆಯಬೇಕಾದವರು ಯಾರು? 1930ರ ದಶಕದಲ್ಲಿ ಅಲನ್ ಮೊಗೆನ್ಸನ್ ಅವರು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದರು. ಕೆಲಸವನ್ನು ಮಾಡುವವನೇ ಅದನ್ನು ಚೆನ್ನಾಗಿ ಬಲ್ಲವನಾದುದರಿಂದ ಸುಧಾರಣೆಯೂ ಅವನಿಂದಲೇ ಆರಂಭವಾಗಬೇಕೆಂದು ಅವರು ವಾದಿಸಿದರು. ಲೇಕ್ ಪ್ಲಾಸಿಡ್‌ನಲ್ಲಿ ನಡೆಸಿದ ಶಿಬಿರಗಳಲ್ಲಿ ಕಾರ್ಯ ಸರಳೀಕರಣವನ್ನು ಕಲಿಸಿದರು.

ಹೀಗೆ ಒಂದೇ ಸಾಧನವು ಎರಡು ಪರಂಪರೆಗಳಿಗೆ ಸೇರಿತು. ಮೇಲಿನವರು ಒಬ್ಬರೇ ಕುಳಿತು ಬರೆದಾಗ ಅದು ನಿಯಮದಂತೆ ನಡೆಯಬೇಕಾದುದನ್ನು ಹೇಳುತ್ತದೆ. ದುಡಿಯುವವರೊಡನೆ ಬರೆದಾಗ ನಿಜವಾಗಿ ನಡೆಯುತ್ತಿರುವುದನ್ನು ತೋರಿಸುತ್ತದೆ. ಈ ಎರಡರ ನಡುವಿನ ಅಂತರವನ್ನು ಅರಿಯುವಲ್ಲಿಯೇ ಸುಧಾರಣೆಯ ಮೊದಲ ಹೆಜ್ಜೆ ಇದೆ.