ಲಕ್ಕುಂಡಿಯ ಕಲ್ಲು, ಊರಿನ ಬದುಕು



ನಮ್ಮ ಗದಗ ಸೀಮೆಗೆ ಎರಡು ಹೆಮ್ಮೆಗಳುಂಟು. ಒಂದು ಸಹಕಾರ, ಇನ್ನೊಂದು ಶಿಲ್ಪಕಲೆ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದಕ್ಕೂ ಸುಮಾರು ಒಂಬೈನೂರು ವರ್ಷ ಮೊದಲು, 1007ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದಳು. ಸಂಘದ ಬೆಳ್ಳಿ ಹಬ್ಬದ ಈ ಹೊತ್ತಿನಲ್ಲಿ ಇವೆರಡನ್ನೂ ಕೂಡಿಸಿ ವಿಚಾರ ಮಾಡುವುದು ಉಚಿತ.

ಶಾಸನಗಳಲ್ಲಿ ಲಕ್ಕುಂಡಿಯ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ದೊಡ್ಡ ಪಟ್ಟಣ. ಅಲ್ಲಿ ಟಂಕಸಾಲೆ ಇತ್ತು. 'ಲೊಕ್ಕಿ ಗದ್ಯಾಣ' ಎಂಬ ನಾಣ್ಯ ದೂರದವರೆಗೂ ನಡೆಯುತ್ತಿತ್ತು. 1192ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನು ಇದನ್ನು ಗೆದ್ದು ತನ್ನ ನೆಲೆಯಾಗಿ ಮಾಡಿಕೊಂಡ. ಅತ್ತಿಮಬ್ಬೆಯಂತೂ ಗುಡಿ ಕಟ್ಟಿಸಿ ಸುಮ್ಮನಾದವಳಲ್ಲ. ಅಚ್ಚುಕೂಟ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟವಳೂ ಅವಳೇ.

ಅಲ್ಲಿಯ ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಶಿವನಿಗೂ ಸೂರ್ಯನಿಗೂ ಎದುರುಬದುರು ಗರ್ಭಗುಡಿಗಳು. ಬಾಗಿಲವಾಡದ ಕೆತ್ತನೆ ನೋಡಿದರೆ ಕಲ್ಲೋ ಕಟ್ಟಿಗೆಯೋ ಅನ್ನಿಸುತ್ತದೆ. ಪಕ್ಕದಲ್ಲಿ ನನ್ನೇಶ್ವರ, ಆಚೆಗೆ ಮಾಣಿಕೇಶ್ವರ, ಅದರ ಮುಂದೆ ಮೆಟ್ಟಿಲುಗಳ ಮುಸುಕಿನ ಬಾವಿ. ನೂರಾಒಂದು ಗುಡಿ, ನೂರಾಒಂದು ಬಾವಿ ಅಂತ ಹಿರಿಯರು ಹೇಳ್ತಾರೆ. ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದಂತಿದೆ. ಅದೇ ಊರಿನ 1095ರ ಶಾಸನ ಬೌದ್ಧ ತಾರಾದೇವಿಯನ್ನು ಸ್ತುತಿಸುತ್ತದೆ. ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳನ್ನಂತೂ ಹೇಳುವುದೇ ಬೇಡ. ಕುಮಾರವ್ಯಾಸ ಭಾರತ ಬರೆದದ್ದು ಅಲ್ಲೇ ಎಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ.

ಇಷ್ಟೆಲ್ಲಾ ಇದ್ದರೂ ಪ್ರವಾಸಿ ಎಲ್ಲಿ? ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೋಗುವ ಹೆದ್ದಾರಿ ಲಕ್ಕುಂಡಿಯ ಮಗ್ಗುಲಲ್ಲೇ ಹೋಗ್ತದೆ, ಆದರೆ ಬಹಳಷ್ಟು ಗಾಡಿ ನಿಲ್ಲೋದಿಲ್ಲ. ನಿಂತವರೂ ಅರ್ಧ ತಾಸು ನೋಡಿ, ಫೋಟೋ ಹೊಡಕೊಂಡು ಹೋಗ್ತಾರೆ. ಊರಿನವರ ಕೈಗೆ ಬರೋದು ಒಂದು ಕಪ್ಪು ಚಹಾದ ದುಡ್ಡು.

ಇನ್ನೊಂದು ತೊಡಕೂ ಇದೆ. ಕಾನೂನಿನ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ಹೊಸ ಕಟ್ಟಡ ನಿಷಿದ್ಧ. ಅದರಾಚೆಯ ಇನ್ನೂರು ಮೀಟರಿಗೆ ಪರವಾನಗಿ ಬೇಕು. ಗುಡಿ ಪಕ್ಕದ ಬಡವನಿಗೆ ಮನೆ ಕಟ್ಟಿಕೊಳ್ಳೋದು ಕಷ್ಟ. 'ಗುಡಿಯಿಂದ ನಮಗೇನು ಬಂತು?' ಅಂತ ಅವನು ಕೇಳಿದರೆ ತಪ್ಪಲ್ಲ. ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹಳೇ ಕಂಬ ಗೋಡೆಗೆ ಹೋಗ್ತದೆ, ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗ್ತದೆ. ಸ್ಮಾರಕವನ್ನು ಕಾಯುವುದು ಬೇಲಿಯಲ್ಲ, ಅದರಿಂದ ಹೊಟ್ಟೆ ತುಂಬುವ ಊರು.

ಇಲ್ಲಿಯೇ ಸಹಕಾರದ ಕೆಲಸ. ದೊಡ್ಡ ಹೋಟೆಲು ಬೇಕಿಲ್ಲ. ಓದಿದ ಹುಡುಗ ಹುಡುಗಿಯರಿಗೆ ಇತಿಹಾಸ ಕಲಿಸಿ ಮಾರ್ಗದರ್ಶಿಗಳನ್ನಾಗಿ ಮಾಡಬಹುದು. ಸ್ವಸಹಾಯ ಗುಂಪಿನ ತಾಯಂದಿರು ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಕೊಡಬಹುದು. ಸ್ವಚ್ಛ ಶೌಚಾಲಯ, ಕುಡಿಯುವ ನೀರು, ದಾರಿ ತೋರುವ ಫಲಕ, ಇಷ್ಟಿದ್ದರೆ ಅರ್ಧ ತಾಸಿನ ಪ್ರವಾಸಿ ಅರ್ಧ ದಿನ ನಿಲ್ಲುತ್ತಾನೆ. ಬೇಕಾಗುವ ಚಿಕ್ಕ ಸಾಲವನ್ನು ಸಂಘಗಳೇ ಕೊಡಬಹುದು. ಉತ್ಸವ ಎರಡು ದಿನಕ್ಕೆ ಮುಗಿಯುತ್ತದೆ, ಊಟ ವರ್ಷವಿಡೀ ಬೇಕು.

ಆದರೆ ಒಂದು ಎಚ್ಚರ. ಜನ ಬರಲಿ ಅಂತ ಗುಡಿಗೆ ಬಣ್ಣ ಬಳಿಯುವುದು, ಬಾವಿಗೆ ಸಿಮೆಂಟ್ ಮೆತ್ತುವುದು ಬೇಡ. ಕಲ್ಲು ಇದ್ದ ಹಾಗೇ ಇರಲಿ.

ಕಣಗಿನಹಾಳದ ರೈತರು ಅಂದು ಕಾಸಿಗೆ ಕಾಸು ಕೂಡಿಸಿ ಸಾಹುಕಾರನ ಬಡ್ಡಿಯಿಂದ ಪಾರಾಗುವ ದಾರಿ ತೋರಿದರು. ಪೂರ್ವಿಕರು ಬಿಟ್ಟುಹೋದ ಈ ಬಂಡವಾಳವನ್ನು ಅಸಲು ಕೆಡದಂತೆ ದುಡಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಇಪ್ಪತ್ತೈದು ತುಂಬಿದ ನಮ್ಮ ಸಂಘಕ್ಕೆ ಆ ಶಕ್ತಿ ಬರಲೆಂದು ಹಾರೈಸುತ್ತೇನೆ.