ಸಂಗೀತ ಸಂಶೋಧನೆಗೆ ಅಂತರ್ಜಾಲದ ಮಾಹಿತಿಕೋಶಗಳು

ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಮೂರನೆಯ ಪಿಯಾನೊ ಕನ್ಸರ್ಟೊ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರಿಗೆ ಅರ್ಪಿತವಾಗಿದೆ. ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿದವರೂ ಈ ದೊರೆಯೇ. ಇಂಥ ವಿಷಯವನ್ನು ಅಭ್ಯಸಿಸುವವರು ಇಂದು ಮೊದಲ ಹೆಜ್ಜೆಯನ್ನು ಬೆಂಗಳೂರಿನಲ್ಲಿ ಕುಳಿತೇ ಇಡಬಹುದು. ಆದರೆ ಯಾವ ಮಾಹಿತಿಕೋಶ ಯಾವ ಪ್ರಶ್ನೆಗೆ ಉತ್ತರಿಸುತ್ತದೆ ಎಂಬುದನ್ನು ಅರಿತಿರಬೇಕು.

ಯಾವುದರಲ್ಲಿ ಏನಿದೆ?

ಸಂಗೀತಕಾರರ ಜೀವನ ಹಾಗೂ ಕೃತಿಗಳ ಪಟ್ಟಿಗೆ 'ಗ್ರೋವ್' ಸಂಗೀತ ವಿಶ್ವಕೋಶ ಪ್ರಸಿದ್ಧ. 19ನೇ ಶತಮಾನದಲ್ಲಿ ಜಾರ್ಜ್ ಗ್ರೋವ್ ಆರಂಭಿಸಿದ ಈ ಕೋಶ 2001ರಲ್ಲಿ ಅಂತರ್ಜಾಲಕ್ಕೆ ಬಂದಿತು. ಇದಕ್ಕೆ ಚಂದಾ ಅಗತ್ಯ. ಒಂದು ವಿಷಯದ ಬಗ್ಗೆ ಯಾರು ಯಾವ ಪ್ರಬಂಧ ಬರೆದಿದ್ದಾರೆಂದು ತಿಳಿಯಲು 1966ರಲ್ಲಿ ಸ್ಥಾಪಿತವಾದ 'ರಿಲ್ಮ್' ನೆರವಾಗುತ್ತದೆ. ಇದೂ ಚಂದಾ ಸೇವೆಯೇ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸುವುದು ಲೇಸು.

ಹಸ್ತಪ್ರತಿಗಳು ಮತ್ತು ಹಳೆಯ ಮುದ್ರಿತ ಸ್ವರಲಿಪಿಗಳು ಯಾವ ಗ್ರಂಥಾಲಯದಲ್ಲಿವೆ ಎಂಬುದನ್ನು 1952ರಲ್ಲಿ ಆರಂಭವಾದ 'ರಿಸ್ಮ್' ಉಚಿತವಾಗಿ ತಿಳಿಸುತ್ತದೆ. ಕೃತಿಯ ಹೆಸರು ಗೊತ್ತಿಲ್ಲದಿದ್ದರೂ ಅದರ ಮೊದಲ ಕೆಲವು ಸ್ವರಗಳನ್ನು ನಮೂದಿಸಿ ಹುಡುಕುವ ಸೌಲಭ್ಯ ಇದರ ವೈಶಿಷ್ಟ್ಯ. ಆದರೆ 20ನೇ ಶತಮಾನದ ಮೆಟ್ನರ್ ವಿಷಯದಲ್ಲಿ ಇದರ ಉಪಯೋಗ ಸೀಮಿತ. ಧ್ವನಿಮುದ್ರಿಕೆಗಳಿಗೆ 'ಡಿಸ್ಕಾಗ್ಸ್' ನೋಡಬಹುದು. ಬಳಕೆದಾರರೇ ಮಾಹಿತಿ ತುಂಬುವ ತಾಣವಾದ್ದರಿಂದ, ಅಲ್ಲಿನ ಬರಹಕ್ಕಿಂತ ತಟ್ಟೆಯ ಲೇಬಲ್ಲಿನ ಛಾಯಾಚಿತ್ರವನ್ನು ನಂಬುವುದು ಉಚಿತ.

ಹೆಸರು ಮತ್ತು ದಿನಾಂಕ

ಇಂಗ್ಲಿಷಿನಲ್ಲಿ ದೊರೆಯ ಹೆಸರು ವಾಡಿಯಾರ್, ವೊಡೆಯಾರ್ ಎಂದು ಬಗೆಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಕಡೆ ಬರಿದೆ 'ಮೈಸೂರಿನ ಮಹಾರಾಜ' ಎಂದಿರುತ್ತದೆ. ಒಂದೇ ಕಾಗುಣಿತದಿಂದ ಹುಡುಕಿದವರಿಗೆ ಉಳಿದ ದಾಖಲೆಗಳು ದೊರೆಯುವುದಿಲ್ಲ.

ದಿನಾಂಕದಲ್ಲಿಯೂ ಎಚ್ಚರ ಬೇಕು. ಮೆಟ್ನರ್ ಹುಟ್ಟಿದ್ದು 1879ರ ಡಿಸೆಂಬರ್ 24ರಂದು ಎಂಬುದೂ, 1880ರ ಜನವರಿ 5ರಂದು ಎಂಬುದೂ ಸರಿಯೇ. ಮೊದಲನೆಯದು ಅಂದು ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ ಲೆಕ್ಕ, ಎರಡನೆಯದು ಇಂದಿನದು.

ಹತ್ತು ನಕಲು, ಒಂದೇ ಸಾಕ್ಷ್ಯ

ಒಂದು ಮಾತು ಹತ್ತು ಕೋಶಗಳಲ್ಲಿ ದೊರೆತ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ. ಹತ್ತೂ ಒಂದೇ ಮೂಲದಿಂದ ನಕಲಾಗಿದ್ದರೆ ಸಾಕ್ಷ್ಯ ಒಂದೇ. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಸ್ಥಾಪಿಸಿದವರು ವಾಲ್ಟರ್ ಲೆಗ್. ಒಡೆಯರ್ 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 'ಅಧ್ಯಕ್ಷ' ಎಂಬುದು ಒಂದು ಕಡೆ 'ಸ್ಥಾಪಕ' ಎಂದಾದರೆ ಸಾಕು, ತಪ್ಪು ಎಲ್ಲೆಡೆ ಹರಡುತ್ತದೆ. ಕೊನೆಗೆ ದೊರೆಯ ನಿಜವಾದ ಕೊಡುಗೆಯ ಮೇಲೂ ಸಂಶಯ ಮೂಡುತ್ತದೆ.

ದೊಡ್ಡ ಹೆಸರಿನ ಕೋಶವೂ ಇದಕ್ಕೆ ಹೊರತಲ್ಲ. 1980ರ ಗ್ರೋವ್ ಆವೃತ್ತಿಯಲ್ಲಿ ಎಸ್ರುಮ್-ಹೆಲ್ಲೆರುಪ್ ಎಂಬ ಸಂಗೀತಕಾರನ ಪರಿಚಯ ಅಚ್ಚಾಗಿತ್ತು. ಅಂಥ ವ್ಯಕ್ತಿಯೇ ಇರಲಿಲ್ಲ; ಅದು ಲೇಖಕರೊಬ್ಬರ ಕುಚೋದ್ಯವಾಗಿತ್ತು. ಬಳಿಕ ಅದನ್ನು ತೆಗೆದುಹಾಕಲಾಯಿತು. ಆದ್ದರಿಂದ ಪ್ರತಿ ನಮೂದಿನ ಕೊನೆಯಲ್ಲಿರುವ ಆಕರಗಳ ಪಟ್ಟಿಯನ್ನು ಓದಿ, ಮೂಲ ಪತ್ರ, ಪುಸ್ತಕ ಅಥವಾ ಧ್ವನಿಮುದ್ರಿಕೆಯನ್ನು ತಲುಪುವುದೇ ಸಂಶೋಧನೆ. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಕೋಶವನ್ನು ನೋಡಿದ ದಿನಾಂಕವನ್ನೂ ಬರೆದಿಡಬೇಕು. ಅಂತರ್ಜಾಲದ ನಮೂದುಗಳು ಪರಿಷ್ಕೃತವಾಗುತ್ತಲೇ ಇರುತ್ತವೆ.

ಕೋಶದ ಹೊರಗೆ

ಜಯಚಾಮರಾಜ ಒಡೆಯರ್ 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಪಾಶ್ಚಾತ್ಯ ಸಂಗೀತವನ್ನು ಕೇಂದ್ರವಾಗಿರಿಸಿಕೊಂಡ ಕೋಶಗಳಲ್ಲಿ ಅವರನ್ನು ಪೋಷಕರಾಗಿ ಹುಡುಕುವುದು ಸುಲಭ. ವಾಗ್ಗೇಯಕಾರರಾಗಿ ಅರಿಯಲು ಇಲ್ಲಿನ ಮುದ್ರಿತ ಗ್ರಂಥಗಳನ್ನೂ ಹಾಡಿಕೊಂಡು ಬಂದ ವಿದ್ವಾಂಸರನ್ನೂ ಆಶ್ರಯಿಸಬೇಕು. ಕೋಶದಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ತೀರ್ಮಾನಿಸಬಾರದು.