ಮಕ್ಕಳ ಹುಳುಕು ಹಲ್ಲು ಮತ್ತು ಫ್ಲೋರೈಡ್: ಬಯಲುಸೀಮೆಯ ನೀರಿನ ಹಿನ್ನೆಲೆಯಲ್ಲಿ

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕಂದುಕಲೆಯ ಹಲ್ಲುಗಳಿಗೆ ಹುಳುಕು ಸುಲಭವಾಗಿ ಹತ್ತದಿರುವುದನ್ನು ದಂತವೈದ್ಯ ಫ್ರೆಡರಿಕ್ ಮೆಕೇ ಗಮನಿಸಿದ್ದರು. ಆ ಕಲೆಗೆ ನೀರಿನ ಫ್ಲೋರೈಡ್ ಕಾರಣವೆಂದು 1931ರಲ್ಲಿ ಗೊತ್ತಾಯಿತು. ಲೀಟರಿಗೆ ಸುಮಾರು 1 ಮಿ.ಗ್ರಾಂ ಇದ್ದಲ್ಲಿ ಹುಳುಕು ತಗ್ಗುತ್ತದೆ, ಕಲೆಯೂ ಅಷ್ಟಾಗಿ ಕಾಣದು ಎಂಬುದನ್ನು ಟ್ರೆಂಡ್ಲಿ ಡೀನ್ ಅವರ ಸಮೀಕ್ಷೆಗಳು ತೋರಿಸಿದವು. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸತೊಡಗಿತು.

ಈ ಮಾದರಿ ನಮ್ಮ ಬಯಲುಸೀಮೆಗೆ ಸಲ್ಲದು. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಆಳದ ಕೊಳವೆಬಾವಿಯ ನೀರು ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಖನಿಜಗಳಿಂದ ಫ್ಲೋರೈಡನ್ನು ಸೆಳೆದುಕೊಂಡಿರುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ ಒಪ್ಪಬಹುದಾದ ಮಿತಿ. ಬೇರೆ ಮೂಲವಿಲ್ಲದಲ್ಲಿ 1.5. ಇದನ್ನು ಮೀರಿದ ಬಾವಿಗಳು ಅಲ್ಲಿ ಅನೇಕ. ಬಿಸಿಲ ನಾಡಿನ ಮಗು ನೀರನ್ನೂ ಹೆಚ್ಚು ಕುಡಿಯುತ್ತದೆ.

ಹಾಗೆಂದು ಫ್ಲೋರೈಡ್ ಪೇಸ್ಟನ್ನೇ ದೂರವಿಡುವುದು ತಪ್ಪು. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಹುಟ್ಟಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲಿನಲ್ಲಿ ಅತ್ಯಲ್ಪ ಫ್ಲೋರೈಡ್ ಇದ್ದರೂ ಕರಗುವಿಕೆ ನಿಧಾನವಾಗಿ, ಕಳೆದ ಖನಿಜ ಮರಳಿ ಕೂಡುತ್ತದೆ. ಅಂದರೆ ರಕ್ಷಣೆ ಮುಖ್ಯವಾಗಿ ಹಲ್ಲಿನ ಮೇಲ್ಮೈಯಲ್ಲೇ ನಡೆಯುತ್ತದೆ. ಕಲೆ, ಅಂದರೆ ಫ್ಲೋರೋಸಿಸ್, ಹುಟ್ಟುವುದು ಬೇರೆ ದಾರಿಯಿಂದ: ಕಾಯಂ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಹೊಟ್ಟೆಗೆ ಹೋದ ಫ್ಲೋರೈಡಿನಿಂದ.

ಲೆಕ್ಕ ಹಾಕಿ ನೋಡೋಣ. ಲೀಟರಿಗೆ 3 ಮಿ.ಗ್ರಾಂ ಸಾಂದ್ರತೆಯ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ದೇಹ ಸೇರುವುದು 3 ಮಿ.ಗ್ರಾಂ. 1000 ಪಿಪಿಎಂ ಪೇಸ್ಟನ್ನು ಅಕ್ಕಿಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ, ಹಚ್ಚಿ ಪೂರ್ತಿ ನುಂಗಿದರೂ 0.1 ಮಿ.ಗ್ರಾಂ ಮಾತ್ರ. ಮೂರು ವರ್ಷದೊಳಗಿನವರಿಗೆ ಇಷ್ಟೇ ಪ್ರಮಾಣ, ಆರರವರೆಗೆ ಬಟಾಣಿಕಾಳಿನಷ್ಟು, ದೊಡ್ಡವರೊಬ್ಬರ ಕಣ್ಗಾವಲಿನಲ್ಲಿ. ಭಯಪಡಬೇಕಾದದ್ದು ಬಿಂದಿಗೆಯ ನೀರಿಗೆ. ಬ್ರಷ್ಷಿನ ಮೇಲಿನ ಪೇಸ್ಟಿಗಲ್ಲ. ಶುದ್ಧ ನೀರಿನ ಘಟಕದ ಆರ್‌ಓ ನೀರಿನಲ್ಲಿ ಫ್ಲೋರೈಡ್ ಬಹುಪಾಲು ಹೋಗಿರುವುದರಿಂದ, ಅದನ್ನು ಕುಡಿಯುವ ಮಕ್ಕಳಿಗೆ ಪೇಸ್ಟ್ ಇನ್ನಷ್ಟು ಅಗತ್ಯ. ಆದರೆ ಅಡುಗೆಗೆ ಕೊಳವೆಬಾವಿಯ ನೀರೇ ಬಳಕೆಯಾದರೆ ಮೂಲ ತೊಂದರೆ ಉಳಿದೇ ಇರುತ್ತದೆ.

ಶಾಲಾ ದಂತ ತಪಾಸಣೆಯ ಚೀಟಿಯಲ್ಲಿ ಮಗು ಕುಡಿಯುವ ನೀರಿನ ಮೂಲವನ್ನು ಬರೆಯಲೇಬೇಕು. ಹುಳುಕಿನ ಆರಂಭವೂ ಸೌಮ್ಯ ಫ್ಲೋರೋಸಿಸ್ಸೂ ಬಿಳಿ ಮಚ್ಚೆಯಾಗಿಯೇ ಕಾಣುತ್ತವೆ. ಹುಳುಕಿನ ಮಚ್ಚೆ ಪಾಚಿಗಟ್ಟುವ ಒಸಡಿನ ಅಂಚಿನಲ್ಲಿರುತ್ತದೆ. ಫ್ಲೋರೋಸಿಸ್ಸಿನ ಎಳೆಗಳು ಎಡಬಲದ ಜೋಡಿಹಲ್ಲುಗಳಲ್ಲಿ ಒಂದೇ ತೆರನಾಗಿ ಅಡ್ಡಲಾಗಿ ಮೂಡುತ್ತವೆ. ಮೊದಲನೆಯದಕ್ಕೆ ಫ್ಲೋರೈಡ್ ವಾರ್ನಿಷ್ ಬೇಕು. ಎರಡನೆಯದು ಕಂಡ ಮನೆಯಲ್ಲಿ ಕೈಗೂಸಿದ್ದರೆ, ಆ ಕೂಸಿನ ಹಲ್ಲುಗಳಿಗಾಗಿ ನೀರಿನ ಮೂಲವನ್ನು ತಡಮಾಡದೆ ಬದಲಿಸಬೇಕು.